ಎಡಗಡೆ ನೋಡಿ, ಬಲಗಡೆ ನೋಡಿ, ಇಳಿಯಬೇಡಿ

ನಮ್ಮ ಅಕ್ಕ-ಭಾವ ದಿಲ್ಲಿ ನೋಡಿಕೊಂಡು ಬಂದರು. ಒಂದೇ ದಿನಕ್ಕೆ. ಬೆಳಿಗ್ಗೆ 7ಕ್ಕೆ ಬಸ್ ಹತ್ತಿದವರು ರಾತ್ರಿ ಎಂಟೂವರೆಗೆ ಇಳಿಯುವಷ್ಟರಲ್ಲಿ 14 ಸ್ಥಳ ಮುಗಿದಿದ್ದವು. ಗುಲಾಮಿ ಸಂತತಿ, ಖಿಲ್ಜಿ, ತುಘಲಕ್, ಲೋದಿ, ಮೊಘಲರು, ಕೊನೆಗೆ ಇಂಗ್ಲಿಷರು, ಇಷ್ಟೂ ಜನ ಶತಮಾನಗಟ್ಟಲೆ ತಿಣುಕಿ ಕಟ್ಟಿದ್ದನ್ನು ತಿಪಟೂರಿನ ದಂಪತಿ ಹದಿಮೂರೂವರೆ ಗಂಟೆಯಲ್ಲಿ ಜೀರ್ಣಿಸಿಕೊಂಡರು. 1739ರಲ್ಲಿ ಕುದುರೆ, ಒಂಟೆ, ಸೈನ್ಯ ಕಟ್ಟಿಕೊಂಡು ಬಂದ ನಾದಿರ್ ಷಾ ಕೂಡ ಸುಮಾರು ಎರಡು ತಿಂಗಳು ದಿಲ್ಲಿಯಲ್ಲಿ ಠಿಕಾಣಿ ಹೂಡಬೇಕಾಯಿತು. ಪಾಪ, ಅವನಿಗೆ ಒಳ್ಳೆ ಟ್ರಾವೆಲ್ಸ್‌ನವರ ಪರಿಚಯ ಇರಲಿಲ್ಲ.

ಭಾವ ಹೈಸ್ಕೂಲಿನಲ್ಲಿ 33 ವರ್ಷ ಸಮಾಜದ ಮೇಷ್ಟ್ರು. "ಕುತುಬ್ ಮಿನಾರನ್ನು ಐಬಕ್ ಶುರು ಮಾಡಿದ, ಇಲ್ತಮಶ್ ಮುಂದುವರಿಸಿದ" ಎಂದು ಅವರಿಂದ ಬೈಸಿಕೊಂಡು ಕಲಿತವರಲ್ಲಿ ಒಬ್ಬ ತಹಶೀಲ್ದಾರ್ ಆಗಿದ್ದಾನೆ, ಇಬ್ಬರು ಕಂಟ್ರಾಕ್ಟರ್ ಆಗಿದ್ದಾರೆ. ದಿಲ್ಲಿಯನ್ನು ಮಾತ್ರ ಮೇಷ್ಟ್ರು ನೋಡಿರಲಿಲ್ಲ. ಪಾಠ ಮಾಡಲು ದಿಲ್ಲಿ ನೋಡಿರಬೇಕು ಅಂತ ಶಿಕ್ಷಣ ಇಲಾಖೆಯ ಯಾವ ಸುತ್ತೋಲೆಯಲ್ಲೂ ಇಲ್ಲ. ನಿವೃತ್ತಿಯ ದುಡ್ಡು ಬಂತು, ಅಕ್ಕನ ಮಂಡಿ ಇನ್ನೂ ಮಡಚುತ್ತಿತ್ತು, ಪೇಪರಿನಲ್ಲಿ ಜಾಹೀರಾತು ಬಂತು. ಅಡುಗೆಯವರು ಜೊತೆಗೇ ಬರುತ್ತಾರೆ, ನಮ್ಮ ಕಡೆ ಊಟ, ಕನ್ನಡ ಮ್ಯಾನೇಜರು. ಹೀಗಾಗಿ ರಾಜಧಾನಿಗೆ ಹೋಗಿ ಇಬ್ಬರೂ ತಿಂದಿದ್ದು ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಚಿತ್ರಾನ್ನ.

ಆ ಜಾಹೀರಾತಿನ ಕಾಗದವನ್ನು ಭಾವ ಪಾಠ ಟಿಪ್ಪಣಿಯ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟಿದ್ದಾರೆ. ಬಂದಮೇಲೆ ನಾನೂ ಓದಿದೆ. ಎಂಥ ಭಾಷೆ! ಕೆಂಪುಕೋಟೆ, ಔಟ್‌ಸೈಡ್ ವ್ಯೂ. ಲೋಟಸ್ ಟೆಂಪಲ್, ಔಟ್‌ಸೈಡ್ ವ್ಯೂ. ಸಂಸತ್ ಭವನ, ಡ್ರೈವ್ ಪಾಸ್ಟ್. ರಾಷ್ಟ್ರಪತಿ ಭವನ, ಡ್ರೈವ್ ಪಾಸ್ಟ್. ಇಂಡಿಯಾ ಗೇಟ್, ಫೋಟೋ ಸ್ಟಾಪ್. ಅಂದರೆ ಮೊದಲನೆಯದರಲ್ಲಿ ಬಸ್ ನಿಲ್ಲುತ್ತೆ, ನೀವು ಒಳಗೆ ಹೋಗೋ ಹಾಗಿಲ್ಲ. ಎರಡನೆಯದರಲ್ಲಿ ಬಸ್ಸೇ ನಿಲ್ಲೋದಿಲ್ಲ. ಮೂರನೆಯದರಲ್ಲಿ ಬಸ್ಸೂ ನಿಲ್ಲುತ್ತೆ, ನೀವೂ ಇಳೀಬಹುದು, ಆದರೆ ನೋಡಬೇಕಾದ್ದು ಮೊಬೈಲು. ಇಷ್ಟು ಪ್ರಾಮಾಣಿಕವಾಗಿ ಮೊದಲೇ ಅಚ್ಚು ಹಾಕಿಸಿದ್ದಾರಲ್ಲ, ದೂರು ಕೊಡೋಕೂ ಬಾಯಿಲ್ಲ.

ಹೋಗಲಿ, ಬಾಗಿಲವರೆಗೆ ಕರೆದುಕೊಂಡು ಹೋದಮೇಲೆ ಒಳಗೆ ಬಿಡೋಕೇನು ಧಾಡಿ? ಅಂದು ಸೋಮವಾರ. ಕೆಂಪುಕೋಟೆಗೆ ಸೋಮವಾರ ರಜಾ. ಲೋಟಸ್ ಟೆಂಪಲ್‌ಗೆ ಸೋಮವಾರ ರಜಾ. ಅಕ್ಷರಧಾಮಕ್ಕೂ ರಜಾ, ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೂ ರಜಾ. ಇದು ಕಂಪನಿಯವರಿಗೆ ಗೊತ್ತಿಲ್ಲದ ಗುಟ್ಟೇನಲ್ಲ. ಬಾಗಿಲು ಹಾಕಿದ್ದರೆ ನಲವತ್ತು ಜನರ ಟಿಕೆಟ್ ದುಡ್ಡು ಉಳಿಯುತ್ತೆ, ನಲವತ್ತು ಜನರನ್ನು ಹುಡುಕಿ ಬಸ್ಸಿಗೆ ತುಂಬೋ ಕಷ್ಟವೂ ತಪ್ಪುತ್ತೆ. ತಾಜ್‌ಮಹಲ್ ಶುಕ್ರವಾರ ಮುಚ್ಚಿರುತ್ತೆ. ಇವರ ಬಸ್ ಆಗ್ರಾಕ್ಕೆ ಯಾವತ್ತು ಹೋಗುತ್ತೆ ಅಂತ ನಾನು ಕೇಳಲಿಲ್ಲ.

ಅಕ್ಕ ಕಳಿಸಿದ ಫೋಟೋದಲ್ಲಿ ಕೆಂಪುಕೋಟೆಯ ಮುಂದಿನ ಬ್ಯಾರಿಕೇಡು ಬಹಳ ಚೆನ್ನಾಗಿ ಬಂದಿದೆ. ಹಳದಿ ಬಣ್ಣ, ಮೇಲೆ ದಿಲ್ಲಿ ಪೊಲೀಸ್ ಅಂತ ಬರಹ. ಹಿಂದೆ ಏನೋ ಕೆಂಪಗೆ ಕಾಣುತ್ತೆ.

ಇನ್ನು ರಾಷ್ಟ್ರಪತಿ ಭವನ. 340 ಕೋಣೆಯ ಮನೆ. ಇದರದ್ದೊಂದು ಕಥೆಯಿದೆ, ಭಾವನ ಬಾಯಲ್ಲೇ ಕೇಳಬೇಕು. ಮನೆ ಕಟ್ಟಿದವನು ಲುಟ್ಯೆನ್ಸ್, ಅದರ ಮುಂದೆ ಅಕ್ಕಪಕ್ಕದ ಎರಡು ಸಚಿವಾಲಯ ಕಟ್ಟಿದವನು ಬೇಕರ್. ಇಬ್ಬರೂ ಹಳೇ ಗೆಳೆಯರು. ನಡುವೆ ಹೋಗುವ ಏರು ರಸ್ತೆಯ ಲೆಕ್ಕ ಹೇಗಾಯಿತೆಂದರೆ, ದೂರದಲ್ಲಿ ನಿಂತರೆ ಭವನ ಕಾಣುತ್ತೆ, ಹತ್ತಿರ ಹತ್ತಿರ ಹೋದಂತೆ ಮುಳುಗುತ್ತಾ ಹೋಗಿ ಗುಮ್ಮಟವಷ್ಟೇ ಉಳಿಯುತ್ತೆ. ಲುಟ್ಯೆನ್ಸ್ 1913ರಲ್ಲಿ ನಕ್ಷೆಗೆ ಒಪ್ಪಿಬಿಟ್ಟಿದ್ದ. ಆಮೇಲೆ ಕಣ್ಣು ತೆರೆದು, ಇಳಿಜಾರು ತಿದ್ದಿ ಎಂದು ಗೋಗರೆದ. 1916ರಲ್ಲಿ ಕಮಿಟಿ ಆಗಲ್ಲ ಎಂದಿತು. ವಾಟರ್‌ಲೂ ಯುದ್ಧದಲ್ಲಿ ನೆಪೋಲಿಯನ್ ಸೋತ ಹಾಗೆ ನಾನು 'ಬೇಕರ್‌ಲೂ'ನಲ್ಲಿ ಸೋತೆ ಎಂದು ಗೊಣಗಿಕೊಂಡ. ಇಬ್ಬರ ಮಾತುಕತೆ ವರ್ಷಗಟ್ಟಲೆ ನಿಂತೇ ಹೋಯಿತು.

ನನಗೆ ಮಾತ್ರ ಅದು ತಪ್ಪು ಅನ್ನಿಸುವುದಿಲ್ಲ. ರಾಜಧಾನಿ ಅಂದರೇನು ಎಂದು ಇಷ್ಟು ಸ್ಪಷ್ಟವಾಗಿ ಇನ್ನಾವ ರಸ್ತೆ ಹೇಳಿದೆ? ತಿಪಟೂರಿನಲ್ಲಿ ನಿಂತರೆ ಢಾಳಾಗಿ ಕಾಣುತ್ತೆ. ಹತ್ತಿರ ಹೋಗಿ, ಮಾಯ. ಅದೂ ಈಗ ನವೆಂಬರ್, ಹೊಗೆ. ವಿಜಯ್ ಚೌಕದ ಹತ್ತಿರ ಬಸ್ ಸ್ವಲ್ಪ ನಿಧಾನವಾಯಿತಂತೆ. ಗೈಡು ಮೈಕಿನಲ್ಲಿ "ರಾಷ್ಟ್ರಪತಿ ಭವನ್, ರಾಷ್ಟ್ರಪತಿ ಭವನ್" ಎಂದನಂತೆ. ಬಲಗಡೆ ಸೀಟಿನವರು ಎಡಗಡೆಗೆ ನುಗ್ಗಿದರು, ಎಡಗಡೆಯವರು ಕಿಟಕಿಗೆ ಮೊಬೈಲು ಒತ್ತಿದರು. ಅಕ್ಕನ ಮೊಬೈಲಿನಲ್ಲಿ ಸಿಕ್ಕಿದ್ದು ಮುಂದಿನ ಸೀಟಿನವರ ಮಂಕಿಕ್ಯಾಪು.

ಭಾವನಿಗೆ ಇನ್ನೊಂದು ಸಂಕಟ. ಅವರು ಪಾಠ ಮಾಡಿದ ದಿಲ್ಲಿಯೇ ಅಲ್ಲಿರಲಿಲ್ಲ. ರಾಜಪಥ ಎಲ್ಲಿ ಎಂದರೆ, ಅದು 2022ರಿಂದ ಕರ್ತವ್ಯ ಪಥ. ಮೊಘಲ್ ಗಾರ್ಡನ್? ಅಮೃತ ಉದ್ಯಾನ. ರೇಸ್ ಕೋರ್ಸ್ ರಸ್ತೆ? ಲೋಕ ಕಲ್ಯಾಣ ಮಾರ್ಗ. ದರ್ಬಾರ್ ಹಾಲ್ ಕೂಡ ಗಣತಂತ್ರ ಮಂಟಪವಾಗಿದೆ. ದಿಲ್ಲಿಯಲ್ಲಿ ಇವರ ಬಸ್ಸಿಗಿಂತ ಜೋರಾಗಿ ಓಡುತ್ತಿರುವುದು ಬೋರ್ಡು ಬರೆಯುವವನ ಕುಂಚ ಒಂದೇ. ಹೆಸರು ಬದಲಾಯಿಸಿದರೆ ಗುಲಾಮಗಿರಿ ಹೋಗುತ್ತೆ ಅಂತಾರೆ, ಹೋಗಲಿ. ಕರ್ತವ್ಯ ಪಥದಲ್ಲಿ ನಮ್ಮ ಕರ್ತವ್ಯ ಏನಪ್ಪಾ ಎಂದರೆ, ಬಸ್ಸಿನಿಂದ ಇಳಿಯದೇ ಇರುವುದು.

ಔಟ್‌ಸೈಡ್ ವ್ಯೂ ಬರೀ ನಿವೃತ್ತ ಮೇಷ್ಟ್ರುಗಳಿಗೆ ಅಂದುಕೊಳ್ಳಬೇಡಿ. ನಮ್ಮ ರಾಜ್ಯದ ದೊಡ್ಡವರೂ ಇದೇ ಪ್ಯಾಕೇಜಿನಲ್ಲಿ ಹೋಗಿ ಬರುತ್ತಾರೆ. ಬೆಳಗಿನ ವಿಮಾನ, ಹೈಕಮಾಂಡ್ ಗೇಟಿನ ಫೋಟೋ ಸ್ಟಾಪು, "ಭೇಟಿಗೆ ಸಮಯ ಸಿಕ್ಕಿಲ್ಲ, ಸಿಗುತ್ತೆ", ಸಂಜೆ ವಿಮಾನ. 2019ರ ಜುಲೈ 26ರಂದು ಪ್ರಮಾಣವಚನ ತೆಗೆದುಕೊಂಡ ಯಡಿಯೂರಪ್ಪನವರು ಆಗಸ್ಟ್ 20ರವರೆಗೆ ಒಬ್ಬರೇ ಮಂತ್ರಿಮಂಡಲವಾಗಿದ್ದರು. ರಾಜ್ಯದಲ್ಲಿ ನೆರೆ, ಪಟ್ಟಿ ದಿಲ್ಲಿಯಲ್ಲಿ. 2023ರಲ್ಲಿ ಮೇ 13ಕ್ಕೆ ಫಲಿತಾಂಶ ಬಂತು, ಜನ ಕೊಟ್ಟ ಬಹುಮತ ಇಲ್ಲೇ ಇತ್ತು, ಮುಖ್ಯಮಂತ್ರಿ ಯಾರೆಂದು ತಿಳಿಯಲು ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಇಬ್ಬರೂ ದಿಲ್ಲಿಗೆ ಹೋದರು. ಮರುವರ್ಷ ಫೆಬ್ರವರಿ 7ಕ್ಕೆ ಇಡೀ ಸರ್ಕಾರವೇ ನಮ್ಮ ತೆರಿಗೆ ಪಾಲು ಕೊಡಿ ಎಂದು ಜಂತರ್ ಮಂತರ್‌ನಲ್ಲಿ ಕೂತಿತು. ಜಯಸಿಂಹ ಕಟ್ಟಿಸಿದ ಜಂತರ್ ಮಂತರ್‌ನಲ್ಲಿ ನೆರಳು ನೋಡಿ ಹೊತ್ತು ಎಷ್ಟಾಯಿತು ಎಂದು ತಿಳಿಯಬಹುದು. ಕಾಯುವವರಿಗೆ ಅನುಕೂಲ.

'ದಿಲ್ಲಿ ಇನ್ನೂ ದೂರ' ಎಂಬ ಮಾತು ಸೂಫಿ ಸಂತ ನಿಜಾಮುದ್ದೀನ್ ಔಲಿಯಾ ಅವರ ಹೆಸರಿನಲ್ಲಿದೆ. ಬಂಗಾಳದಿಂದ ವಾಪಸು ಬರುತ್ತಿದ್ದ ಘಿಯಾಸುದ್ದೀನ್ ತುಘಲಕ್‌ನ ಬೆದರಿಕೆಗೆ ಅವರು ಕೊಟ್ಟ ಉತ್ತರವಂತೆ. ಸುಲ್ತಾನ ಊರ ಹೊರಗೆ ಬಂದ, ಮಗ ಸ್ವಾಗತಕ್ಕೆಂದು ಮರದ ಮಂಟಪ ಕಟ್ಟಿಸಿದ್ದ, ಅದು ಕುಸಿದು 1325ರಲ್ಲಿ ಸುಲ್ತಾನ ಸತ್ತ. ಮಗನೇ ಗಾದಿಗೆ ಬಂದು, ಸ್ವಲ್ಪ ವರ್ಷಕ್ಕೆ ರಾಜಧಾನಿಯನ್ನೇ ದೌಲತಾಬಾದಿಗೆ ಎತ್ತಿಕೊಂಡು ಹೋದ. ಭಾವ ಈ ಪಾಠ ಮಾಡಿದರೆ ತರಗತಿ ಉಸಿರು ಹಿಡಿದು ಕೂರುತ್ತಿತ್ತು. ಆ ಮಂಟಪದ ಗುತ್ತಿಗೆದಾರನ ಮೇಲೆ ಏನು ಕ್ರಮ ಆಯಿತು ಸಾರ್ ಎಂದು ಕೇಳಿದ ಹುಡುಗನೇ ಈಗ ಕಂಟ್ರಾಕ್ಟರ್.

ಇರಲಿ. ಒಳಗೆ ಬಿಟ್ಟ ಒಂದು ಜಾಗವೂ ಇತ್ತು, ಕುತುಬ್ ಮಿನಾರ್. ಅದಕ್ಕೆ ವಾರದ ರಜಾ ಇಲ್ಲ. ಮಿನಾರಿನ ಒಳಗಿನ ಮೆಟ್ಟಿಲು 1981ರ ಡಿಸೆಂಬರಿನ ನೂಕುನುಗ್ಗಲಿನಲ್ಲಿ 45 ಜನ, ಬಹುಪಾಲು ಶಾಲೆ ಮಕ್ಕಳು, ಸತ್ತ ಮೇಲೆ ಮುಚ್ಚಿದೆ. ಅದು ಭಾವನಿಗೆ ಗೊತ್ತಿತ್ತು. ಅವರಿಗೆ ಮಿನಾರು ಬೇಕಿರಲಿಲ್ಲ, ಪಕ್ಕದ ಕಬ್ಬಿಣದ ಕಂಬ ಬೇಕಿತ್ತು. ಸಾವಿರದ ಆರುನೂರು ವರ್ಷದಿಂದ ಮಳೆ-ಬಿಸಿಲಿಗೆ ಜಗ್ಗದ ಕಂಬ, ಚಂದ್ರ ಎಂಬ ರಾಜನ ಶಾಸನ, ಬ್ರಾಹ್ಮಿ ಲಿಪಿ. ಓದಲು ಬರುವುದಿಲ್ಲ. ಆದರೂ ಅಕ್ಷರ ನೋಡಬೇಕು ಎಂದು ಹತ್ತಿರದ ಕನ್ನಡಕ ಬೇರೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಈಗ ಕಂಬದ ಸುತ್ತ ಬೇಲಿ. ಬೇಲಿಗೆ ಎದೆ ಒತ್ತಿ ನಿಂತು, ದೂರದ ಕನ್ನಡಕ ತೆಗೆದು ಜೇಬಿಗೆ ಹಾಕಿ, ಹತ್ತಿರದ್ದನ್ನು ಪಂಚೆಯ ತುದಿಯಿಂದ ಒರೆಸಿ, ಮೂಗಿನ ಮೇಲೆ ಇಡುವಷ್ಟರಲ್ಲಿ ಸೀಟಿ. ಮ್ಯಾನೇಜರು. "ಸಾರ್, ಮೇಷ್ಟ್ರೇ, ಬೇಗ ಬನ್ನಿ, ನಿಮ್ಮೊಬ್ಬರಿಂದ ಎಲ್ಲರಿಗೂ ಲೇಟು." 33 ವರ್ಷ ಸೀಟಿ ಊದಿ ಮಕ್ಕಳನ್ನು ಸಾಲಿಗೆ ನಿಲ್ಲಿಸಿದ ಮನುಷ್ಯ ತಲೆ ತಗ್ಗಿಸಿಕೊಂಡು ಸಾಲಿಗೆ ಬಂದರು. ಕುತುಬ್‌ಗೆ ಕೊಟ್ಟ ಹೊತ್ತು 25 ನಿಮಿಷ, ಅದರಲ್ಲಿ ಅಕ್ಕನಿಗೆ ಶೌಚಾಲಯದ ಕ್ಯೂ 15.

ಅಷ್ಟು ತರಾತುರಿಯಲ್ಲಿ ಎಲ್ಲಿಗೆ ಕರೆದುಕೊಂಡು ಹೋದರು ಗೊತ್ತೇ? ಅಂಗಡಿಗೆ. ಎಂಪೋರಿಯಂ. ಅಲ್ಲಿ 1 ಗಂಟೆ 20 ನಿಮಿಷ. ಅಲ್ಲಿ ಸೀಟಿ ಇಲ್ಲ, ಬೇಗ ಬನ್ನಿ ಇಲ್ಲ. ಕುರ್ಚಿ, ಟೀ, "ನೋ ಫೋರ್ಸ್ ಮಾತಾಜಿ, ಓನ್ಲಿ ಲುಕಿಂಗ್". ಇಡೀ ದಿಲ್ಲಿಯಲ್ಲಿ ಇನ್‌ಸೈಡ್ ವ್ಯೂ ಸಿಕ್ಕ ಏಕೈಕ ಸ್ಮಾರಕ. ಜೈಪುರಿ ರಜಾಯಿಯನ್ನು ಮಡಚಿ ಮುಷ್ಟಿಯಷ್ಟು ಮಾಡಿ ತೋರಿಸಿದನಂತೆ. ಅಕ್ಕ ತಂದಿದ್ದಾಳೆ. ಮನೆಯಲ್ಲಿ ಅದು ಮುಷ್ಟಿಯಷ್ಟಾಗಲು ಒಪ್ಪುತ್ತಿಲ್ಲ, ಅಟ್ಟದ ಮೇಲಿದೆ.

ಇಲ್ಲಿಯವರೆಗೆ ನಕ್ಕುಕೊಂಡೇ ಬರೆದೆ. ಈ ಅಂಗಡಿಯ ಲೆಕ್ಕಕ್ಕೆ ಬಂದಾಗ ನಗು ಬರುತ್ತಿಲ್ಲ. ನಲವತ್ತು ಜನ ವಯಸ್ಸಾದವರು. ಬದುಕಿನಲ್ಲಿ ಒಂದು ಸಲ ಹೋಗುವವರು. ಕೂಡಿಟ್ಟ ದುಡ್ಡು ಕೊಟ್ಟು ಹೋದವರು. ಮುಚ್ಚಿದ ಬಾಗಿಲುಗಳ ಮುಂದೆ ನಿಲ್ಲಿಸಿ, ತೆರೆದಿದ್ದ ಜಾಗದಿಂದ ಸೀಟಿ ಊದಿ ಎಬ್ಬಿಸಿ, ಕಮಿಷನ್ ಸಿಗುವ ಕಡೆ ಕೂರಿಸಿದರು. ಎದುರು ಮಾತಾಡಲು ಭಾಷೆ ಬಾರದವರು, ಗುಂಪು ಬಿಟ್ಟರೆ ಹೋಟೆಲಿಗೆ ದಾರಿ ಗೊತ್ತಿಲ್ಲದವರು ಅಂತ ಗೊತ್ತಿದ್ದೇ ಮಾಡಿದರು. ಇವರ ಮತ ಕೇಳಲು ಬರುವವರು ಮನೆ ಬಾಗಿಲಿಗೆ ಬಂದು ಅಕ್ಕನ ಕೈಯಿಂದ ಕುಂಕುಮ ಇಡಿಸಿಕೊಂಡು ಒಳಗೆ ಬರುತ್ತಾರೆ. ತಾವೇ ಕಟ್ಟಿದ ತೆರಿಗೆಯ ಊರಿನಲ್ಲಿ ಮಾತ್ರ ಇವರು ಕಿಟಕಿಗೆ ಮುಖ ಒತ್ತಿ ಕೂರಬೇಕು. ಸಾಕು.

ಮೊನ್ನೆ ಹೋದಾಗ ಭಾವ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಅಕ್ಕ ಕಾಫಿ ತಂದವಳು, "147 ಫೋಟೋ ಇದೆ ಕಣೋ, ಒಂದರಲ್ಲೂ ಇವರು ನಗ್ತಾ ಇಲ್ಲ" ಎಂದಳು. ಭಾವ ಅದಕ್ಕೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪೇಪರ್ ಮಡಚಿ, ಕನ್ನಡಕದ ಡಬ್ಬಿಯನ್ನು ಟಪ್ ಎಂದು ಮುಚ್ಚಿ, ಒಳಗಿರುವ ಅಕ್ಕನಿಗೆ ಕೇಳಿಸದ ಹಾಗೆ, "ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಹೋದರೆ ಎರಡು ರಾತ್ರಿ ಅಲ್ವೇನಪ್ಪಾ?" ಎಂದರು. ಹೂಂ ಎಂದೆ.

"ಸೋಮವಾರ ಮುಟ್ಟದ ಹಾಗೆ ಒಂದು ಟಿಕೆಟ್ ನೋಡು. ನನ್ನೊಬ್ಬನಿಗೆ."