ಮೊದಲು ನಂಬರ್ ಯಾರದ್ದು ಅಂತ ಕೇಳಿ, ಪ್ಲ್ಯಾನ್ ಆಮೇಲೆ

ಹುಬ್ಬಳ್ಳಿ-ಧಾರವಾಡದಲ್ಲಿ ಹೊಸದಾಗಿ ಅಂಗಡಿ, ಕ್ಲಿನಿಕ್, ಕೋಚಿಂಗ್ ಸೆಂಟರ್ ತೆರೆಯುವವರು ಫೋನ್ ವಿಷಯಕ್ಕೆ ಬಂದರೆ ಎರಡೇ ಪ್ರಶ್ನೆ ಕೇಳುತ್ತಾರೆ. ತಿಂಗಳಿಗೆ ಎಷ್ಟು ಬೀಳುತ್ತದೆ? ಸ್ಪೀಡ್ ಎಷ್ಟು? ಕೇಳಬೇಕಾದ್ದೇ. ಆದರೆ ಅದಕ್ಕೂ ಮೊದಲು ಕೇಳಬೇಕಾದ್ದು ಬೇರೆ ಇದೆ. ಈ ನಂಬರ್ ಯಾರ ಹೆಸರಿನಲ್ಲಿರುತ್ತದೆ? ನಾಳೆ ಕಂಪನಿ ಬದಲಿಸಿದರೆ ಇದು ನನ್ನ ಜೊತೆ ಬರುತ್ತದಾ?

ನಾನು ಇಪಿಎಬಿಎಕ್ಸ್ (ಆಫೀಸಿನ ಒಳಗಿನ ಫೋನ್‌ಗಳನ್ನು ಹೊರಗಿನ ಲೈನ್‌ಗೆ ಜೋಡಿಸುವ ಪೆಟ್ಟಿಗೆ), ಇಂಟರ್‌ಕಾಮ್ ಜೋಡಿಸುವ ಕೆಲಸದವನು. ಕೊಪ್ಪೀಕರ ರಸ್ತೆಯ ಬಟ್ಟೆ ಅಂಗಡಿಗಳು, ವಿದ್ಯಾನಗರದ ಕ್ಲಿನಿಕ್‌ಗಳು, ತಾರಿಹಾಳದ ಫ್ಯಾಕ್ಟರಿಗಳು, ಎಲ್ಲ ಕಡೆ ಓಡಾಡುತ್ತೇನೆ. ಲೈನ್ ಕೆಟ್ಟರೆ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ನಂಬರ್ ಕೈತಪ್ಪಿದರೆ ಹತ್ತು ವರ್ಷದ ಗಿರಾಕಿಗಳು ಕೈತಪ್ಪುತ್ತಾರೆ.

ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ದಲಾಲರ ಅಂಗಡಿಯಲ್ಲಿ ಹೀಗೇ ಆಯಿತು. ಅಲ್ಲಿ ಸೀಸನ್‌ನಲ್ಲಿ ಸೋಮವಾರ, ಗುರುವಾರ ಮಾರುಕಟ್ಟೆ. ಬಳ್ಳಾರಿ, ರಾಯಚೂರು ಕಡೆಯ ರೈತರು ಗಾಡಿ ಹೊರಡಿಸುವ ಮೊದಲು ರೇಟ್ ಕೇಳಲು ಫೋನ್ ಮಾಡುತ್ತಾರೆ. ಚೀಲದ ಮೇಲೆ, ಬಿಲ್ ಬುಕ್ಕಿನ ಮೇಲೆ, ಗೋಡೆಯ ಕ್ಯಾಲೆಂಡರ್ ಮೇಲೆ ಇದ್ದದ್ದು ಒಂದೇ ಮೊಬೈಲ್ ನಂಬರ್. ಆ ಸಿಮ್ ಇದ್ದದ್ದು ಗುಮಾಸ್ತನ ಹೆಸರಿನಲ್ಲಿ. ಅವನು ಬೇರೆ ಅಂಗಡಿಗೆ ಹೋದ. ನಂಬರ್ ಅವನದ್ದೇ ಆದ್ದರಿಂದ ಯಾರೂ ಏನೂ ಮಾಡುವಂತಿರಲಿಲ್ಲ. ಆ ಸೀಸನ್ನಿನ ಕರೆಗಳೆಲ್ಲ ಹೊಸ ಅಂಗಡಿಗೆ ಹೋದವು. ಗುಮಾಸ್ತನ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಅವನ ಸಿಮ್, ಅವನ ಆಧಾರ್. ಅಂಗಡಿಯ ಹೆಸರಿನಲ್ಲಿ ಇಲ್ಲವೇ ಮಾಲೀಕರ ಹೆಸರಿನಲ್ಲಿ ಒಂದು ಸಿಮ್ ತಗೊಳ್ಳುವುದು ಏನು ದೊಡ್ಡ ಕೆಲಸ, ಅಲ್ವಾ?

ಇನ್ನು ಕಂಪನಿ ಬದಲಿಸುವ ಮಾತು. ಮೊಬೈಲ್ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ದೇಶದ ತುಂಬ ಬಂದದ್ದು 2011ರ ಜನವರಿಯಲ್ಲಿ. ಲ್ಯಾಂಡ್‌ಲೈನ್‌ಗೆ ಆ ಸೌಲಭ್ಯ ಇಲ್ಲ. 0836ರಿಂದ ಶುರುವಾಗುವ ನಿಮ್ಮ ನಂಬರ್ ಯಾವ ಕಂಪನಿ ಕೊಟ್ಟಿತೋ ಆ ಕಂಪನಿಯ ಜೊತೆಗೇ ಇರುತ್ತದೆ. ಸರ್ವಿಸ್ ಸರಿಯಿಲ್ಲ ಅಂತ ಬಿಟ್ಟರೆ ನಂಬರೂ ಬಿಟ್ಟ ಹಾಗೆ. ಇದನ್ನು ಮಾರಾಟಕ್ಕೆ ಬರುವ ಹುಡುಗರು ತಾವಾಗಿ ಹೇಳಿದ್ದನ್ನು ನಾನಂತೂ ಕಂಡಿಲ್ಲ.

ಹಾಗಂತ ಲ್ಯಾಂಡ್‌ಲೈನ್ ಬೇಡ ಅನ್ನುತ್ತಿಲ್ಲ. 0836 ನೋಡಿದ ಕೂಡಲೇ ಇವರು ಹುಬ್ಬಳ್ಳಿ-ಧಾರವಾಡದವರು, ಒಂದು ಜಾಗದಲ್ಲಿ ಕೂತು ವ್ಯಾಪಾರ ಮಾಡುವವರು ಅಂತ ಜನಕ್ಕೆ ನಂಬಿಕೆ ಬರುತ್ತದೆ. ವಾಟ್ಸಾಪ್ ಬಿಸಿನೆಸ್ ಕೂಡ ಲ್ಯಾಂಡ್‌ಲೈನ್ ನಂಬರ್ ಮೇಲೆ ನಡೆಯುತ್ತದೆ. ಎಸ್‌ಎಂಎಸ್ ಬದಲು ಕರೆಯ ಮೂಲಕ ಕೋಡ್ ತಗೊಂಡರಾಯಿತು. ನನ್ನ ಅಭಿಪ್ರಾಯ ಇಷ್ಟೇ. ಒಬ್ಬಿಬ್ಬರು ನಡೆಸುವ ಅಂಗಡಿಗೆ ಅಂಗಡಿಯ ಹೆಸರಿನ ಮೊಬೈಲ್ ನಂಬರ್ ಸಾಕು, ಆ ಫೋನ್ ಗಲ್ಲಾಪೆಟ್ಟಿಗೆ ಬಿಟ್ಟು ಯಾರ ಮನೆಗೂ ಹೋಗಬಾರದು. ಆಸ್ಪತ್ರೆ, ಶಾಲೆ, ಫ್ಯಾಕ್ಟರಿಗೆ ಲ್ಯಾಂಡ್‌ಲೈನ್ ಬೇಕು. ಹಳೆಯ ತಾಮ್ರದ ಲೈನ್ ಇದ್ದವರು ಸುಮ್ನೆ ಸರೆಂಡರ್ ಮಾಡಬೇಡಿ. ಅದೇ ನಂಬರನ್ನು ಫೈಬರ್‌ಗೆ ಬದಲಿಸಿಕೊಡುತ್ತೀರಾ ಅಂತ ಮೊದಲು ಕೇಳಿ.

ಈಗ ವರ್ಚುವಲ್ ನಂಬರ್, ಅಂದರೆ ನಿಮ್ಮಲ್ಲಿ ತಂತಿ, ಸಿಮ್ ಇಲ್ಲದೆ ಇಂಟರ್ನೆಟ್ ಮೂಲಕ ನಡೆದು ಕರೆಯನ್ನು ನಿಮ್ಮ ಫೋನ್‌ಗೆ ತಿರುಗಿಸುವ ನಂಬರ್, ಕೊಡುವ ಕ್ಲೌಡ್ ಕಂಪನಿಗಳೂ ಬಂದಿವೆ. "ಕನ್ನಡಕ್ಕಾಗಿ ಒಂದು ಒತ್ತಿ" ಅಂತ ಹೇಳಿಸುತ್ತವೆ, ಕರೆ ರೆಕಾರ್ಡ್ ಮಾಡುತ್ತವೆ, ಮಿಸ್ ಆದ ಕರೆಗಳ ಪಟ್ಟಿ ಕೊಡುತ್ತವೆ. ಸಪ್ತಾಪುರದ ಕೋಚಿಂಗ್ ಸೆಂಟರ್‌ಗಳಿಗೆ ಅಡ್ಮಿಷನ್ ಸಮಯದಲ್ಲಿ ಆ ಪಟ್ಟಿ ನಿಜವಾಗಿ ಉಪಯೋಗ. ಆದರೆ ನಂಬರ್ ಬಾಡಿಗೆಗೆ ಇದೆಯೋ ನಿಮ್ಮದೋ, ವರ್ಷದ ದುಡ್ಡು ಕಟ್ಟದಿದ್ದರೆ ಅದು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಆ ನಂಬರನ್ನು ಬೋರ್ಡ್ ಮೇಲೆ ಬರೆಸಬೇಡಿ.

ಎಷ್ಟು ಲೈನ್ ಬೇಕು ಅನ್ನುವುದನ್ನೂ ಜನ ಅಂದಾಜಿನಲ್ಲಿ ಹೇಳುತ್ತಾರೆ. ನೋಡಬೇಕಾದ್ದು ದಿನಕ್ಕೆ ಎಷ್ಟು ಕರೆ ಅಂತ ಅಲ್ಲ. ಅತಿ ಜಾಸ್ತಿ ಕರೆ ಬರುವ ಹೊತ್ತಿನಲ್ಲಿ ಒಟ್ಟಿಗೆ ಎಷ್ಟು ಬರುತ್ತವೆ ಅಂತ. ಕ್ಲಿನಿಕ್‌ಗೆ ಬೆಳಿಗ್ಗೆ ಅಪಾಯಿಂಟ್‌ಮೆಂಟ್ ಹೊತ್ತಿನಲ್ಲಿ ಒಂದೇ ಲೈನ್ ಇದ್ದರೆ ಉಳಿದವರಿಗೆಲ್ಲ ಎಂಗೇಜ್. ಅವರು ಮುಂದಿನ ಕ್ಲಿನಿಕ್‌ಗೆ ಮಾಡುತ್ತಾರೆ. ಎರಡು-ಮೂರು ಲೈನ್‌ಗೆ ಹಂಟಿಂಗ್ ಹಾಕಿಸಿದರೆ ಒಂದೇ ನಂಬರ್‌ಗೆ ಬಂದ ಕರೆ ಖಾಲಿ ಇರುವ ಲೈನ್‌ಗೆ ತಾನೇ ಹೋಗುತ್ತದೆ. ಪಿಆರ್‌ಐ ಲೈನ್ ಅಂದರೆ ಒಂದೇ ಲೈನ್‌ನಲ್ಲಿ ಏಕಕಾಲಕ್ಕೆ 30 ಕರೆ. ದೊಡ್ಡ ಆಸ್ಪತ್ರೆಗೆ ಸರಿ, ಆರು ಜನರ ಆಫೀಸಿಗೆ ದಂಡ. ಎಸ್‌ಐಪಿ ಟ್ರಂಕ್ (ಇಂಟರ್ನೆಟ್ ಮೂಲಕ ಬರುವ ಲೈನ್) ಆದರೆ ನಾಲ್ಕೈದು ಚಾನೆಲ್‌ನಿಂದ, ಅಂದರೆ ಒಟ್ಟಿಗೆ ನಾಲ್ಕೈದು ಕರೆಯಿಂದ, ಶುರು ಮಾಡಿ ಆಮೇಲೆ ಹೆಚ್ಚಿಸಬಹುದು.

ಸ್ಪೀಡ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಇಂಟರ್ನೆಟ್ ಮೇಲಿನ ಒಂದು ಕರೆಗೆ ಸುಮಾರು 100 ಕೆಬಿಪಿಎಸ್ ಸಾಕು. ದನಿ ಕತ್ತರಿಸುವುದು ಬಹುಪಾಲು ಸ್ಪೀಡ್ ಕಡಿಮೆ ಆಗಿ ಅಲ್ಲ, ಲೈನ್ ಅಲುಗಾಡುವುದರಿಂದ, ಅಂದರೆ ದನಿಯ ತುಣುಕುಗಳು ಒಂದೇ ಸಮನೆ ಬರದೆ ತಡವಾಗಿ, ಬಿಟ್ಟುಬಿಟ್ಟು ಬರುವುದರಿಂದ. ಅದಕ್ಕೆ ನಿಮ್ಮ ಓಣಿಯಲ್ಲಿ ಅದೇ ಕಂಪನಿಯ ಲೈನ್ ಇರುವ ಇಬ್ಬರು ಅಂಗಡಿಯವರನ್ನು ಕೇಳಿ. ಬೋರ್ಡಿನ ಮೇಲಿನ ಜಾಹೀರಾತಿಗಿಂತ ಅವರ ಮಾತು ಮೇಲು.

ಬಿಲ್ ಅಂಗಡಿಯ ಹೆಸರಿನಲ್ಲಿ, ಜಿಎಸ್‌ಟಿ ನಂಬರ್ ಹಾಕಿಸಿಯೇ ತಗೊಳ್ಳಿ. ಟೆಲಿಫೋನ್ ಬಿಲ್ ಮೇಲೆ 18 ಪರ್ಸೆಂಟ್ ಇದೆ. ಕಂಪೋಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಇಂತಿಷ್ಟು ಅಂತ ತೆರಿಗೆ ಕಟ್ಟುವ ವ್ಯವಸ್ಥೆ) ಇಲ್ಲದೆ ಮಾಮೂಲಿಯಾಗಿ ಜಿಎಸ್‌ಟಿ ಕಟ್ಟುವವರಿಗೆ ಅದು ಇನ್‌ಪುಟ್ ಆಗಿ, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಲು, ಸಿಗುತ್ತದೆ.

ಕೊನೆಗೆ ಕರೆಂಟ್ ವಿಷಯ. ಇದು ನಮ್ಮ ಕಡೆ ಬಹಳ ಮುಖ್ಯ. ಹಳೆಯ ತಾಮ್ರದ ಲೈನ್‌ಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ 48 ವೋಲ್ಟ್ ಬರುತ್ತಿತ್ತು. ಹೆಸ್ಕಾಂ ಕರೆಂಟ್ ಹೋದರೂ ಫೋನ್ ನಡೆಯುತ್ತಿತ್ತು. ಫೈಬರ್‌ನಲ್ಲಿ ಬೆಳಕು ಬರುತ್ತದೆಯೇ ಹೊರತು ಕರೆಂಟ್ ಬರುವುದಿಲ್ಲ. ನಿಮ್ಮ ಮೋಡೆಮ್ ಆರಿದರೆ ಫೋನೂ ಆರಿತು. ಮೋಡೆಮ್‌ಗೊಂದು ಸಣ್ಣ ಯುಪಿಎಸ್ ಹಾಕಿಸಿ. ಓಣಿಯ ಪೆಟ್ಟಿಗೆಯಲ್ಲಿ ಕರೆಂಟ್ ಬೇಕಾಗುವ ಸ್ವಿಚ್ ಇದೆಯಾ ಅಂತಲೂ ಕೇಳಿ. ಇದ್ದರೆ ನಿಮ್ಮ ಯುಪಿಎಸ್ ಒಂದರಿಂದ ಏನೂ ಆಗುವುದಿಲ್ಲ. ಮೇಲಾಗಿ ಚನ್ನಮ್ಮ ಸರ್ಕಲ್‌ನಿಂದ ಹಿಡಿದು ಎಲ್ಲೆಲ್ಲೂ ಅಗೆತ. ಜೆಸಿಬಿ ಹಲ್ಲಿಗೆ ಕೇಬಲ್ ಸಿಗುವುದು ಹೊಸದಲ್ಲ. ಅದಕ್ಕೆ, ಲೈನ್ ಸತ್ತಾಗ ಕರೆ ಮೊಬೈಲ್‌ಗೆ ತಿರುಗುವ ಹಾಗೆ ಕಂಪನಿಯ ಕಡೆಯಿಂದಲೇ ಹಾಕಿಸಿ. ನಿಮ್ಮ ಅಂಗಡಿಯ ಇಪಿಎಬಿಎಕ್ಸ್‌ನಲ್ಲಿ ಹಾಕಿದರೆ ಕೆಲಸಕ್ಕೆ ಬರುವುದಿಲ್ಲ. ಲೈನ್ ಸತ್ತ ಮೇಲೆ ಕರೆ ಅಲ್ಲಿಯವರೆಗೆ ಬರುವುದೇ ಇಲ್ಲ.

ಲೈನ್ ಹಾಕಲು ಬಂದವನು ಇನ್ನೂ ಅಂಗಡಿಯಲ್ಲಿ ಇರುವಾಗಲೇ ಮೇನ್ ಸ್ವಿಚ್ ಆಫ್ ಮಾಡಿ, ಹೊರಗೆ ನಿಂತು ನಿಮ್ಮದೇ ನಂಬರ್‌ಗೆ ಕರೆ ಮಾಡಿ. ಆಮೇಲೆ ಫೈಬರ್ ತಂತಿ ಕಿತ್ತು ಇನ್ನೊಮ್ಮೆ ಮಾಡಿ. ಮೊದಲ ಸಲ ಅಂಗಡಿಯ ಫೋನ್, ಎರಡನೇ ಸಲ ಕರೆ ತಿರುಗಿಸಿದ ಮೊಬೈಲ್ ರಿಂಗ್ ಆದರೆ ಮಾತ್ರ ಅವನ ಕಾಗದಕ್ಕೆ ಸಹಿ ಹಾಕಿ.