ವಿಯೆನ್ನಾದ ಕಪ್ಪೆ, ಬೇಲೂರಿನ ಕಪ್ಪೆ

"ಇದು ನಡೆದದ್ದಾ, ಇಲ್ಲಾ ಜನ ಹೇಳೋ ಕಥೆನಾ?"

ಕಳೆದ ಮೇ ತಿಂಗಳಲ್ಲಿ, ವಿಯೆನ್ನಾದ ಸ್ಟೀಫನ್ಸ್‌ಡೋಮ್ ಚರ್ಚಿನ ಒಳಗೆ ನಿಂತು ಬೇಲೂರಿನ ಶಿಲ್ಪಿಯ ಕಪ್ಪೆ ಕಥೆ ಕೇಳಿದ ಮೇಲೆ ನಮ್ಮ ಗೈಡ್ ನಮ್ಮಪ್ಪನನ್ನು ಕೇಳಿದ ಪ್ರಶ್ನೆ ಇದು. ಸುಮಾರು ಐವತ್ತೈದು ವರ್ಷದ ಹೆಂಗಸು, ಮೆಲ್ಲಗೆ ಮಾತಾಡುವವರು. ಕೊಂಕು ಏನೂ ಇರಲಿಲ್ಲ, ನಿಜಕ್ಕೂ ತಿಳ್ಕೊಳ್ಳಬೇಕು ಅಂತಲೇ ಕೇಳಿದರು. ನಾನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಅಪ್ಪ "ನಡೆದದ್ದೇ ಅನ್ನು" ಅಂದರು. "ಹಾಗಾದ್ರೆ ಕೆತ್ತಿದವರ ಹೆಸರು ಅಲ್ಲಿ ಎಲ್ಲಾದ್ರೂ ಬರೆದಿದೆಯಾ?" ಅಂತ ಆಕೆ ಇನ್ನೊಂದು ಪ್ರಶ್ನೆ ಹಾಕಿದರು. ಅಪ್ಪ ನನ್ನ ಮುಖ ನೋಡಿದರು. ಹಾಸನದಲ್ಲಿ ಹುಟ್ಟಿ ಬೆಳೆದವನು ನಾನು. ಬೇಲೂರು ನಮಗೆ ನಲವತ್ತು ಕಿಲೋಮೀಟರ್. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಾನು ಮ್ಯೂನಿಕ್‌ಗೆ ಬಂದು ಒಂಬತ್ತು ವರ್ಷ ಆಯಿತು. ಅಪ್ಪ ಅಮ್ಮ ಮೊದಲ ಸಲ ಬಂದಿದ್ದರು. ಮ್ಯೂನಿಕ್‌ನಿಂದ ವಿಯೆನ್ನಾಕ್ಕೆ ರೈಲಿನಲ್ಲಿ ನಾಲ್ಕು ಗಂಟೆ, ಹೋಗಿ ಬರೋಣ ಅಂತ ಹೊರಟೆವು. ಅಮ್ಮನಿಗೆ ಮಂಡಿ ನೋವು. ಛತ್ರಿ ಎತ್ತಿ ಹಿಡಿದವನ ಹಿಂದೆ ನಲವತ್ತು ಜನರ ಜೊತೆ ಓಡುವುದು ಅವರಿಂದ ಆಗುವ ಕೆಲಸ ಅಲ್ಲ. ಅದಕ್ಕೇ ನಮಗೆ ಮೂವರಿಗೆ ಅಂತ ಒಬ್ಬ ಗೈಡ್ ಗೊತ್ತು ಮಾಡಿದ್ದೆ. ಎರಡೂವರೆ ಗಂಟೆ ನಡಿಗೆಗೆ ಇನ್ನೂರು ಯೂರೋ ಮೇಲಾಯಿತು. ಅಪ್ಪ ರೈಲಿನಲ್ಲೇ ಅದನ್ನು ರೂಪಾಯಿಗೆ ತಿರುಗಿಸಿ, ಸ್ವಲ್ಪ ಹೊತ್ತು ಸುಮ್ಮನೆ ಕಿಟಕಿ ಕಡೆ ನೋಡುತ್ತಾ ಕೂತಿದ್ದರು. ಮೂವತ್ತೊಂದು ವರ್ಷ ಹಾಸನ-ಬೇಲೂರು-ಚಿಕ್ಕಮಗಳೂರು ರೂಟಿನಲ್ಲಿ ಕಂಡಕ್ಟರ್ ಆಗಿದ್ದವರು. ದುಡ್ಡಿನ ಲೆಕ್ಕ ಅವರ ತಲೆಯಿಂದ ಹೋಗುವುದಿಲ್ಲ.

ಗೈಡ್ ನಮ್ಮನ್ನು ಚರ್ಚಿನ ಒಳಗೆ ಸೀದಾ ಕರೆದುಕೊಂಡು ಹೋಗಲಿಲ್ಲ. ದೊಡ್ಡ ಬಾಗಿಲ ಎಡಗಡೆ ಗೋಡೆ ಹತ್ತಿರ ನಿಲ್ಲಿಸಿದರು. ಅಲ್ಲಿ ಕಲ್ಲಿಗೆ ಎರಡು ಕಬ್ಬಿಣದ ಸರಳು ಹೊಡೆದಿದ್ದಾರೆ, ಒಂದು ಸುಮಾರು 90 ಸೆಂಟಿಮೀಟರ್, ಇನ್ನೊಂದು 78ರ ಹತ್ತಿರ. ಹಿಂದಿನ ಕಾಲದ ಬಟ್ಟೆ ಅಳತೆ ಅಂತೆ. ನಾರುಬಟ್ಟೆಗೆ ಒಂದು, ಉಣ್ಣೆಬಟ್ಟೆಗೆ ಒಂದು. ಅಂಗಡಿಯವನು ಅಳತೆಯಲ್ಲಿ ಮೋಸ ಮಾಡಿದ ಅನ್ನಿಸಿದರೆ ಇಲ್ಲಿಗೆ ತಂದು ಹಿಡಿದು ನೋಡಬಹುದಿತ್ತು. ಅಮ್ಮ ಇದನ್ನು ಕೇಳಿದವರೇ ಹೂವಿನವಳ ಹಾಗೆ ಮೊಣಕೈ ಚಾಚಿ ಸರಳಿನ ಮೇಲೆ ಇಟ್ಟರು. ದೊಡ್ಡ ಸರಳು ಅಮ್ಮನ ಕೈಯಲ್ಲಿ ಎರಡು ಮೊಳ, ಮೇಲೆ ನಾಲ್ಕು ಬೆರಳು. "ಇಷ್ಟು ಮಲ್ಲಿಗೆಗೆ ಹಬ್ಬದ ದಿನ ಎಷ್ಟು ಕೇಳ್ತಾಳೆ ಗೊತ್ತಾ ಅವಳು" ಅಂತ ನನ್ನ ಕಡೆ ತಿರುಗಿದರು. ಅಷ್ಟು ದೂರ ಬಂದು ಅಮ್ಮ ಮೊದಲ ಸಲ ಸಲೀಸಾಗಿ ನಕ್ಕಿದ್ದು ಆ ಗೋಡೆ ಹತ್ತಿರ.

ಸರಳುಗಳ ಪಕ್ಕದಲ್ಲೇ ಕಲ್ಲಿನ ಮೇಲೆ ದುಂಡಗೆ ಒಂದು ಗುರುತು ಇದೆ. ನಾನು ಮೊದಲೇ ಎಲ್ಲೋ ಓದಿದ್ದೆ. "ಇದು ಬ್ರೆಡ್ಡಿನ ಅಳತೆ ಅಲ್ವಾ?" ಅಂದೆ. ಆಕೆ ಅಲ್ಲ ಅಂತ ತಲೆಯಾಡಿಸಿದರು. ಊರಿನವರೆಲ್ಲ ಹಾಗೇ ಹೇಳುತ್ತಾರೆ, ಕೇಳೋಕೂ ಚೆನ್ನಾಗಿದೆ, ಆದರೆ ಇಲ್ಲಿ ಹಿಂದೆ ಇದ್ದ ಗೇಟಿನ ಕೊಕ್ಕೆ ಉಜ್ಜಿ ಉಜ್ಜಿ ಆದ ಸವೆತ ಅದು, ಅಂದರು. ನಾನು ದುಡ್ಡು ಕೊಟ್ಟವನು, ಕಥೆ ನನ್ನ ಬಾಯಿಂದಲೇ ಬಂದಿತ್ತು. ಹೂಂ ಅಂದುಬಿಟ್ಟಿದ್ದರೆ ನನಗೂ ಖುಷಿ, ಅವರಿಗೂ ಸಲೀಸು. ಹೂಂ ಅನ್ನಲಿಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಅಲ್ಲೇ.

ಒಳಗೆ ಪಾದ್ರಿ ನಿಂತು ಉಪದೇಶ ಮಾಡುವ ಕಲ್ಲಿನ ಪೀಠ ಇದೆ. ಸುಮಾರು ಐನೂರು ವರ್ಷ ಹಳೆಯದು. ಅದನ್ನು ನೋಡಿದ ಕೂಡಲೇ ಅಪ್ಪ "ಇದು ನಮ್ಮ ಕಡೆ ಕೆಲಸದ ಹಾಗಿದೆಯಲ್ಲೋ" ಅಂದರು. ಕಲ್ಲನ್ನು ಜರತಾರಿ ಅಂಚಿನ ಹಾಗೆ ಕೊರೆದಿದ್ದಾರೆ. ಅದಕ್ಕೆ ಹತ್ತುವ ಮೆಟ್ಟಿಲ ಕೈಹಿಡಿ ಮೇಲೆ ಉದ್ದಕ್ಕೂ ಕಪ್ಪೆಗಳು, ಹಲ್ಲಿಗಳು. ಕೆಡುಕು ಮೇಲೆ ಹತ್ತಿ ಬರುತ್ತಿದೆ ಅಂತ ಅರ್ಥವಂತೆ. ತುದಿಯಲ್ಲಿ ಪುಟ್ಟ ನಾಯಿ ಕಾವಲು ಕೂತಿದೆ. ಮೆಟ್ಟಿಲ ಕೆಳಗೆ ಕಲ್ಲಿನಲ್ಲೇ ಒಂದು ಕಿಟಕಿ. ಅದರಿಂದ ಒಬ್ಬ ಮನುಷ್ಯ ಇಣುಕುತ್ತಿದ್ದಾನೆ, ಕೈಯಲ್ಲಿ ಕಲ್ಲುಕೆಲಸದ ಉಪಕರಣ. ಕೆತ್ತಿದವನು ತನ್ನನ್ನೇ ಕೆತ್ತಿಕೊಂಡಿದ್ದಾನೆ ಅಂತ ಹೇಳುತ್ತಾರೆ. ಅಲ್ಲೂ ಆಕೆ ಒಂದು ಮಾತು ಸೇರಿಸಿದರು. ಬಹಳ ಕಾಲ ಇದನ್ನು ಆಂಟನ್ ಪಿಲ್‌ಗ್ರಾಮ್ ಅನ್ನುವ ಶಿಲ್ಪಿಯ ಕೆಲಸ ಅಂತಿದ್ದರು, ಈಗ ತಿಳಿದವರು ಹಾಗೆ ಗಟ್ಟಿಯಾಗಿ ಹೇಳುವುದಿಲ್ಲ, ನೆದರ್‌ಲ್ಯಾಂಡ್ಸ್ ಕಡೆಯಿಂದ ಬಂದ ನಿಕ್ಲಾಸ್ ಗೆರ್ಹಾರ್ಟ್ ಕಡೆಯವರ ಕೈ ಇರಬಹುದು ಅನ್ನುತ್ತಾರೆ, ನೀವು ಎರಡನ್ನೂ ನೆನಪಿಟ್ಟುಕೊಳ್ಳಿ, ಅಂದರು.

ಅಪ್ಪನ ಕಣ್ಣು ಮಾತ್ರ ಕಪ್ಪೆ ಮೇಲೇ ಇತ್ತು. "ನಮ್ಮ ಬೇಲೂರಲ್ಲೂ ಒಂದು ಕಪ್ಪೆ ಇದೆ, ಹೇಳು ಅವರಿಗೆ" ಅಂದರು. ಶಿಲ್ಪಿ ಜಕಣಾಚಾರಿ, ಅವನ ತಪ್ಪು ತೋರಿಸಿದ ಮಗ ಡಂಕಣ, ವಿಗ್ರಹದ ಮೇಲೆ ಒಣಗದ ಗಂಧ, ಹೊಕ್ಕುಳಿಂದ ಹಾರಿದ ಕಪ್ಪೆ, ಕತ್ತರಿಸಿಕೊಂಡ ಕೈ. ಅಪ್ಪ ಒಂದೊಂದಾಗಿ ಹೇಳಿದರು, ನಾನು ಜರ್ಮನ್‌ನಲ್ಲಿ ಹೇಳಿದೆ. ಆಕೆ ಕೈಕಟ್ಟಿ ನಿಂತು ಪೂರ್ತಿ ಕೇಳಿದರು. ಆಮೇಲೆ ಆ ಪ್ರಶ್ನೆ ಬಂತು.

ನನಗೆ ಚುಚ್ಚಿದ್ದು ಏನು ಅಂದರೆ, ನಾನು ಬೇಲೂರಿಗೆ ಏನಿಲ್ಲ ಅಂದರೂ ಇಪ್ಪತ್ತು ಸಲ ಹೋಗಿದ್ದೇನೆ. ಸ್ಕೂಲ್ ಟೂರ್, ನೆಂಟರು ಬಂದಾಗ, ಅಕ್ಕನ ಮದುವೆ ಆದಮೇಲೆ, ಜರ್ಮನಿಯಿಂದ ಗೆಳೆಯರನ್ನು ಕರೆದುಕೊಂಡು. ಪ್ರತಿ ಸಲವೂ ಗೈಡ್ ಮಾಡಿಕೊಂಡಿದ್ದೇವೆ. ಪ್ರತಿ ಸಲವೂ ಅದೇ. "ಬಳೆ ನೋಡಿ ಸಾರ್, ತಿರುಗುತ್ತೆ." "ಹಣ್ಣಿನ ಮೇಲೆ ನೊಣ, ಹೊಂಚು ಹಾಕ್ತಿರೋ ಹಲ್ಲಿ ನೋಡಿ ಸಾರ್." ಅಂಗಳದ ಕಂಬದ ಕೆಳಗೆ ಪೇಪರ್ ತೂರಿಸುವುದು. ಕನ್ನಡಿ ಹಿಡಿದ ಸುಂದರಿ ಶಾಂತಲೆಯೇ ಅಂತ ಹೇಳುವುದು. ಟೇಪ್ ಹಾಕಿದ ಹಾಗೆ. ನಡುವೆ ಏನಾದರೂ ಕೇಳಿದರೆ ಮತ್ತೆ ಮೊದಲಿನಿಂದ ಶುರು. ಒಂದು ಸಲ, ಬೇರೆ ಒಂದು ಹೆಸರಾಂತ ಗುಡಿಯಲ್ಲಿ, ಗೋಡೆ ಮೇಲಿನ ಹಳಗನ್ನಡ ಬರಹ ತೋರಿಸಿ "ಏನಿದೆ ಇದರಲ್ಲಿ?" ಅಂದೆ. "ಅದೆಲ್ಲ ಯಾಕೆ ಸಾರ್, ಬನ್ನಿ, ಮುಂದೆ ಆನೆ ಸಾಲು ಇದೆ" ಅಂದುಬಿಟ್ಟರು. ಅಲ್ಲಾ ಸ್ವಾಮಿ, ಕಲ್ಲೇ ಬಾಯಿ ಬಿಟ್ಟು ಹೇಳುತ್ತಿರುವಾಗ ನಾವು ಆನೆ ಎಣಿಸಬೇಕಾ? ಆವತ್ತು ಬಂದ ಸಿಟ್ಟು ವಿಯೆನ್ನಾದಲ್ಲಿ ಮತ್ತೆ ಬಂತು.

ಆಸ್ಟ್ರಿಯಾದಲ್ಲಿ ದುಡ್ಡು ತಗೊಂಡು ಊರು ತೋರಿಸಬೇಕಾದರೆ ಲೈಸೆನ್ಸ್ ಬೇಕು, ಅದಕ್ಕೆ ಪರೀಕ್ಷೆ ಇದೆ. ನಮ್ಮ ಗೈಡ್ ಅದಕ್ಕಾಗಿ ಎರಡು ವರ್ಷ ಓದಿದ್ದರಂತೆ. ಚರಿತ್ರೆ, ಕಟ್ಟಡ ಕಲೆ, ಭಾಷೆ ಎಲ್ಲಾ. "ಈಗಲೂ ಚಳಿಗಾಲದಲ್ಲಿ ಕೆಲಸ ಕಮ್ಮಿ ಇರುವಾಗ ಓದ್ತೀನಿ, ಇಲ್ಲಾಂದ್ರೆ ನಾನು ಹೇಳೋದೇ ಹಳೇದಾಗಿಬಿಡುತ್ತೆ" ಅಂದರು. ಈ ಮಾತು ಅಪ್ಪನಿಗೆ ತುಂಬ ಹಿಡಿಸಿತು. ಇನ್ನೂರು ಯೂರೋ ಬಗ್ಗೆ ಆಮೇಲೆ ಅವರು ಮಾತೆತ್ತಲಿಲ್ಲ.

ಅಲ್ಲಿಂದ ಗ್ರಾಬೆನ್ ಬೀದಿಯಲ್ಲಿ, 1679ರ ಪ್ಲೇಗ್ ನೆನಪಿಗೆ ಕಟ್ಟಿದ ಕಂಬ ನೋಡಿಕೊಂಡು, ಅಮ್ಮ ಕೂತಲ್ಲೆಲ್ಲ ಕೂತು, ಯೂಡನ್‌ಪ್ಲಾಟ್ಸ್ ಅನ್ನುವ ಚೌಕಕ್ಕೆ ಬಂದೆವು. ನಡುವೆ ಕಲ್ಲಿನ ಒಂದು ದೊಡ್ಡ ಕೋಣೆ. ಗೋಡೆಯೆಲ್ಲ ಪುಸ್ತಕ, ಆದರೆ ಬೆನ್ನು ಒಳಗೆ, ಹೆಸರು ಕಾಣುವುದಿಲ್ಲ. ಬಾಗಿಲಿಗೆ ಹಿಡಿ ಇಲ್ಲ. ನಾಜಿಗಳು ಕೊಂದ ಆಸ್ಟ್ರಿಯಾದ 65,000ಕ್ಕೂ ಹೆಚ್ಚು ಯಹೂದಿಗಳ ನೆನಪಿಗೆ 2000ದಲ್ಲಿ ಮಾಡಿದ್ದು. ಆಕೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ಎದುರಿನ ಹಳೆ ಮನೆ ಗೋಡೆ ತೋರಿಸಿದರು. 1421ರಲ್ಲಿ ಇದೇ ಊರಿನ ಯಹೂದಿಗಳನ್ನು ಓಡಿಸಿದರು, ಸುಟ್ಟರು. ಅದನ್ನು ಹೊಗಳಿ ಬರೆದ ಲ್ಯಾಟಿನ್ ಸಾಲು ಇನ್ನೂ ಆ ಗೋಡೆ ಮೇಲಿದೆ. ಕೆರೆದು ಹಾಕಿಲ್ಲ. ಅದೇ ಚೌಕದಲ್ಲಿ 1998ರಲ್ಲಿ ಚರ್ಚಿನವರು ಇನ್ನೊಂದು ಫಲಕ ಹಾಕಿ ತಮ್ಮ ತಪ್ಪು ಒಪ್ಪಿಕೊಂಡಿದ್ದಾರೆ. ಅಮ್ಮ ಮೆಲ್ಲಗೆ "ಇವರ ಮನೆ ಹುಳುಕು ಇವರೇ ತೋರಿಸ್ತಾರಲ್ಲೋ" ಅಂದರು. ನಾನು ಅದನ್ನೂ ಜರ್ಮನ್‌ನಲ್ಲಿ ಹೇಳಿದೆ. "ಶುರುವಿನಲ್ಲಿ ನಾವೂ ತೋರಿಸ್ತಿರಲಿಲ್ಲ" ಅಂದರು ಆಕೆ. ಅಷ್ಟೇ.

ಕೊನೆಗೆ ಕಾಫಿ. ಬೆಳ್ಳಿ ಬಣ್ಣದ ತಟ್ಟೆಯಲ್ಲಿ ಕಾಫಿ ಜೊತೆ ಒಂದು ಗ್ಲಾಸ್ ನೀರು, ಕೇಳದೆ ಬಂತು. ಮ್ಯೂನಿಕ್‌ನ ಹೋಟೆಲುಗಳಲ್ಲಿ ನೀರಿಗೂ ಬಿಲ್ ಹಾಕುವುದನ್ನು ನೋಡಿ ನೋಡಿ ಬೇಸತ್ತಿದ್ದ ಅಮ್ಮ, ಮೊದಲು ಆ ನೀರನ್ನೇ ಪೂರ್ತಿ ಕುಡಿದರು.

ಆವತ್ತು ರಾತ್ರಿ ರೂಮಿನಲ್ಲಿ ನನಗೆ ನಿದ್ದೆ ಬರಲಿಲ್ಲ. ಫೋನ್ ಹಿಡಿದು ಹುಡುಕುತ್ತಾ ಕೂತೆ. ಹೆಸರು ಇದೆ! ಒಂದಲ್ಲ, ಎಷ್ಟೊಂದು. ಬೇಲೂರಿನ ಮದನಿಕೆಗಳ ಪೀಠದ ಮೇಲೆ ಕೆತ್ತಿದವರೇ ತಮ್ಮ ಹೆಸರು ಹಾಕಿಕೊಂಡಿದ್ದಾರೆ. ಬಳ್ಳಿಗಾವೆಯ ದಾಸೋಜ. ಅವನ ಮಗ ಚಾವಣ. ಸೋಮನಾಥಪುರಕ್ಕೆ ಹೋದರೆ ಮೂರ್ತಿಗಳ ಕೆಳಗೆ ಮಲ್ಲಿತಮ್ಮ, ಮತ್ತೆ ಮಲ್ಲಿತಮ್ಮ. ಜಕಣಾಚಾರಿ ದಂತಕಥೆ ಅಂತ ಹೆಚ್ಚಿನ ಚರಿತ್ರೆಕಾರರು ಹೇಳುತ್ತಾ ಬಂದಿದ್ದಾರೆ. ಆದರೆ ದಾಸೋಜ, ಚಾವಣ ಕಥೆಯಲ್ಲ. ಶಿಕಾರಿಪುರದ ಹತ್ತಿರದ ಊರಿನಿಂದ ಬಂದ ನಿಜವಾದ ಅಪ್ಪ ಮಗ, ಒಂಬೈನೂರು ವರ್ಷದ ಹಿಂದೆ ಒಂದೇ ಗುಡಿಯಲ್ಲಿ ಉಳಿ ಹಿಡಿದು ಕೂತಿದ್ದರು. ವಿಯೆನ್ನಾದವರಿಗೆ ಕಿಟಕಿಯಿಂದ ಇಣುಕುವವನು ಯಾರು ಅಂತ ಗಟ್ಟಿಯಾಗಿ ಹೇಳಲು ಆಗುತ್ತಿಲ್ಲ. ನಮ್ಮವರು ಹೆಸರು, ಊರು ಎರಡನ್ನೂ ಕಲ್ಲಿನಲ್ಲೇ ಬರೆದಿಟ್ಟಿದ್ದಾರೆ, ಅದೂ ನಮ್ಮದೇ ಭಾಷೆಯ ಅಕ್ಷರದಲ್ಲಿ. ನಾವು ಇಪ್ಪತ್ತು ಸಲ ಅದರ ಕೆಳಗೇ ನಿಂತು ಬಳೆ ತಿರುಗುತ್ತಾ ಅಂತ ನೋಡಿ ಬಂದಿದ್ದೇವೆ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಬೇಲೂರು, ಹಳೇಬೀಡು, ಸೋಮನಾಥಪುರ ಸೇರಿದಾಗ ನಾನೂ ಎಲ್ಲರಿಗೂ ಫೋಟೋ ಕಳಿಸಿದ್ದೆ. ಆ ಫೋಟೋದಲ್ಲಿರುವ ಮದನಿಕೆಯ ಕಾಲ ಕೆಳಗೆ ಏನಾದರೂ ಬರೆದಿದೆಯಾ ಅಂತ ನೋಡಿರಲಿಲ್ಲ.

ಬೆಳಿಗ್ಗೆ ಗೈಡ್‌ಗೆ ದಾಸೋಜ, ಚಾವಣ ಅಂತ ಹೆಸರು ಬರೆದು ಕಳಿಸಿದೆ. ಮಧ್ಯಾಹ್ನದೊಳಗೆ ಉತ್ತರ ಬಂತು. ಹೆಸರುಗಳನ್ನು ಬರೆದಿಟ್ಟುಕೊಂಡಿದ್ದೇನೆ, ಇನ್ನು ಮೇಲೆ ಆ ಮೆಟ್ಟಿಲ ಹತ್ತಿರ ಭಾರತದವರು ಯಾರಾದರೂ ಬಂದರೆ ನಿಮ್ಮ ಕಪ್ಪೆ ಕಥೆಯನ್ನೂ ಹೇಳುತ್ತೇನೆ, ಕಥೆ ಅಂತಲೇ ಹೇಳುತ್ತೇನೆ, ಅಂತ.

ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ವಾಪಸ್ ಬರುವ ರೈಲಿನಲ್ಲಿ ಅಪ್ಪನ ಎದುರು ನಮ್ಮ ಕಡೆಯ ಗೈಡುಗಳನ್ನೆಲ್ಲ ಚೆನ್ನಾಗಿ ಬೈದೆ. ಅಪ್ಪ ಸುಮ್ಮನೆ ಕೇಳಿದರು. ಆಮೇಲೆ ಹೇಳಿದರು, "ನಿಂಗೆ ಆ ಕಪ್ಪೆ ಕಥೆ ಹೇಳಿದ್ದು ಯಾರು? ನಾನು. ನಂಗೆ ಹೇಳಿದ್ದು ಯಾರು? ಕೊನೇ ಬಸ್ಸಿಗೆ ಬರ್ತಿದ್ದ ಗೈಡು." ಹಳೇಬೀಡು ಕಡೆಯ ಹಳ್ಳಿಯವರಂತೆ. ಬೆಳಿಗ್ಗೆಯಿಂದ ಕಾದು, ಕೆಲವು ದಿನ ಒಬ್ಬರೂ ಸಿಗದೆ, ಟಿಕೆಟ್ಟಿಗೆ ಚಿಲ್ಲರೆ ಎಣಿಸುತ್ತಾ ಹತ್ತುತ್ತಿದ್ದರಂತೆ. ಹಿಂದಿ, ತಮಿಳು, ತೆಲುಗು, ಇಂಗ್ಲಿಷ್ ಎಲ್ಲಾ ಅಲ್ಲೇ ಅಂಗಳದಲ್ಲಿ ಕಲಿತದ್ದು. ಅವರಿಗೆ ಯಾರೂ ಎರಡು ವರ್ಷ ಕೂರಿಸಿ ಓದಿಸಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಆವತ್ತು ಮನಸ್ಸು ಬರಲಿಲ್ಲ. ಆದರೂ ಒಂದು ಮಾತು ನಿಜ. ವಿಯೆನ್ನಾದಲ್ಲಿ ಕೇಳಿದ ಇಸವಿಗಳಲ್ಲಿ ಅರ್ಧ ನನಗೆ ಮಾರನೇ ದಿನಕ್ಕೇ ಮರೆತಿತ್ತು. ಆ ಗೈಡು ಹೇಳಿದ ಕಪ್ಪೆ ನಮ್ಮಪ್ಪನ ತಲೆಯಲ್ಲಿ ಮೂವತ್ತು ವರ್ಷ ಕೂತಿದ್ದು, ಸ್ಟೀಫನ್ಸ್‌ಡೋಮ್ ಒಳಗೆ ಎದ್ದು ಹಾರಿತು.

ಮ್ಯೂನಿಕ್ ತಲುಪಿದ ಮೇಲೆ ಅಪ್ಪ ಯಾರ್ಯಾರನ್ನೋ ಕೇಳಿ ಅವರ ನಂಬರ್ ಹುಡುಕಿದರು. ಈಗ ಕೆಲಸ ಬಿಟ್ಟಿದ್ದಾರೆ, ಮನೆಯಲ್ಲೇ ಇದ್ದಾರೆ. ಫೋನ್ ಸ್ಪೀಕರ್‌ಗೆ ಹಾಕಿ ಅಪ್ಪ ಕೇಳಿದರು. "ಅಲ್ಲಾ ಮಾರಾಯ, ಮದನಿಕೆ ಪೀಠದ ಮೇಲೆ ಕೆತ್ತಿದೋರ ಹೆಸರಿದೆಯಂತಲ್ಲ, ನಿಂಗೆ ಗೊತ್ತಿತ್ತಾ?"

"ನಂಗೊತ್ತಿಲ್ವಾ ಕಂಡಕ್ಟ್ರೇ? ದಾಸೋಜ, ಚಾವಣ. ಶುರುವಿನಲ್ಲಿ ನಾಲ್ಕೈದು ವರ್ಷ ತೋರಿಸ್ತಿದ್ದೆ, ಕೋಲು ಹಿಡಿದು ಅಕ್ಷರ ಒಂದೊಂದೇ. ಯಾರಿಗೆ ಪುರುಸೊತ್ತಿತ್ತು? ಬೇಗ ಮುಗ್ಸಿ, ಹಳೇಬೀಡು ನೋಡ್ಕೊಂಡು ಸಂಜೆಗೆ ಧರ್ಮಸ್ಥಳ ಸೇರ್ಬೇಕು ಅನ್ನೋರು. ಕಪ್ಪೆ ಕಥೆಗೆ ಮಾತ್ರ ಮಕ್ಕಳು ಮರಿ ಎಲ್ಲಾ ನಿಂತು ಕೇಳೋರು. ಅದನ್ನೇ ಇಟ್ಕೊಂಡೆ."

ಅಪ್ಪ ನನ್ನ ಕಡೆ ನೋಡಿದರು. ನಾನು ಫೋನ್ ಹತ್ತಿರ ಬಾಗಿ, ಡಿಸೆಂಬರ್‌ನಲ್ಲಿ ಊರಿಗೆ ಬರುತ್ತೇನೆ, ಆ ಅಕ್ಷರ ತೋರಿಸುತ್ತೀರಾ ಅಂತ ಕೇಳಿದೆ.

"ಬನ್ನಿ. ಬೆಳಿಗ್ಗೆ ಬೇಗ ಬನ್ನಿ, ಬಿಸಿಲು ಓರೆಯಾಗಿ ಬೀಳೋವಾಗ ಚೆನ್ನಾಗಿ ಕಾಣುತ್ತೆ. ಆವತ್ತು ಧರ್ಮಸ್ಥಳ ಇಟ್ಕೋಬೇಡಿ."