ಅಜ್ಜ-ಅಜ್ಜಿಗೆ ಪಿಸ್ತೂಲು ಹಿಡಿಯುವುದನ್ನು ಕಲಿಸಬೇಕೇ?

ಪರ: ಬಂದೂಕು ಹೇಗೂ ಮನೆಯಲ್ಲಿದೆ, ಸರಿಯಾಗಿ ಕಲಿಯಲಿ

ಅಮೆರಿಕದ ಷಿಕಾಗೋದಲ್ಲಿ ಓಟಿಸ್ ಮೆಕ್‌ಡೊನಾಲ್ಡ್ ಎಂಬ ನಿವೃತ್ತ ನೌಕರರಿದ್ದರು. ಅವರ ಮನೆಗೆ ಕಳ್ಳರು ಹಲವು ಸಲ ನುಗ್ಗಿದ್ದರು. ಕೈಯಲ್ಲಿ ಉದ್ದದ ಬಂದೂಕೇನೋ ಇತ್ತು. ಆದರೆ ಅದನ್ನು ಎತ್ತಿ ತಿರುಗಿಸುವುದು ವಯಸ್ಸಾದವರಿಗೆ ಕಷ್ಟ. ಅವರಿಗೆ ಬೇಕಿದ್ದದ್ದು ಪಿಸ್ತೂಲು, ನಗರದ ಕಾನೂನು ಅದಕ್ಕೆ ಒಪ್ಪುತ್ತಿರಲಿಲ್ಲ. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2010ರಲ್ಲಿ 5-4 ಮತಗಳಿಂದ ಅವರು ಗೆದ್ದರು. ಆಗ ಅವರಿಗೆ 76 ವರ್ಷ. ಅದಕ್ಕೂ ಮುಂಚೆ, 2008ರಲ್ಲಿ ಹೆಲರ್ ಎಂಬವರ ಕೇಸಿನ ತೀರ್ಪಿನಲ್ಲಿ ಇದೇ ಕೋರ್ಟು ಒಂದು ಮಾತು ಹೇಳಿತ್ತು. ಉದ್ದ ಬಂದೂಕು ಎತ್ತುವಷ್ಟು ತೋಳ್ಬಲ ಇಲ್ಲದವರಿಗೆ ಪಿಸ್ತೂಲು ಸುಲಭ, ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದು ಕೈಯಲ್ಲಿ ಪೊಲೀಸರಿಗೆ ಫೋನ್ ಮಾಡಬಹುದು ಅಂತ.

ಹಕ್ಕೇನೋ ಸಿಕ್ಕಿತು. ಆದರೆ ಕೋರ್ಟು ಬೆರಳಿಗೆ ಬಲ ಕೊಡುವುದಿಲ್ಲವಲ್ಲ!

ತರಬೇತಿ ಬೇಕಾಗುವುದು ಇಲ್ಲೇ. ಗುಂಡು ಒಳಗೆ ಸೇರಿಸಲು ಪಿಸ್ತೂಲಿನ ಮೇಲಿನ ಜಾರುವ ಭಾಗವನ್ನು, ಅಂದರೆ ಸ್ಲೈಡನ್ನು, ಹಿಂದಕ್ಕೆ ಎಳೆಯುವುದೇ ಕೀಲುನೋವಿನ ಬೆರಳುಗಳಿಗೆ ದೊಡ್ಡ ಪರೀಕ್ಷೆ. ಎರಡು ಬೆರಳಲ್ಲಿ ಚಿವುಟಿ ಎಳೆದರೆ ಆಗುವುದಿಲ್ಲ. ಪಿಸ್ತೂಲನ್ನು ಎದೆಯ ಹತ್ತಿರ ತಂದು, ಮೂತಿ ಸುರಕ್ಷಿತ ದಿಕ್ಕಿಗೇ ಇಟ್ಟು, ಸ್ಲೈಡನ್ನು ಇಡೀ ಅಂಗೈಯಲ್ಲಿ ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಪಿಸ್ತೂಲನ್ನೇ ಮುಂದಕ್ಕೆ ತಳ್ಳಬೇಕು. ಆಗ ಬೆರಳಿನ ಕೆಲಸ ಭುಜಕ್ಕೆ ಹೋಗುತ್ತದೆ. ಸ್ಮಿತ್ ಅಂಡ್ ವೆಸನ್ ಕಂಪನಿ 2018ರಲ್ಲಿ ತಂದ 'ಈಝೀ' ಮಾದರಿಯ ಸ್ಲೈಡ್ ಎಳೆಯುವುದು ಇನ್ನೂ ಹಗುರ.

ಅಂಗಡಿಯವರು ಸುಮ್ನೆ ಕೊಡುವ ಸಲಹೆ ಬೇರೆ ಇದೆ: 'ವಯಸ್ಸಾದವರಿಗೆ ಪುಟ್ಟ ರಿವಾಲ್ವರ್ ಸಾಕು.' ಇದು ನನಗೆ ತಪ್ಪು ಅನಿಸುತ್ತದೆ. ಸ್ಲೈಡ್ ಇಲ್ಲ ನಿಜ. ಆದರೆ ಟ್ರಿಗರ್ ಒತ್ತಲು ಸುಮಾರು 5 ಕಿಲೋ ಬಲ ಬೇಕಾಗಬಹುದು. ತೂಕ ಕಮ್ಮಿ ಇದ್ದಷ್ಟೂ ಹಿಂದಕ್ಕೆ ಒದೆಯುವುದು ಜಾಸ್ತಿ. ನಾಲ್ಕು ಗುಂಡು ಹಾರಿಸುವಷ್ಟರಲ್ಲಿ ಮಣಿಕಟ್ಟು ನೊಂದು, ಅಭ್ಯಾಸವನ್ನೇ ಬಿಟ್ಟವರಿದ್ದಾರೆ. ಮೊದಲು ಪಾಯಿಂಟ್ 22 ಪಿಸ್ತೂಲಿನಲ್ಲಿ, ಅಂದರೆ ಸಣ್ಣ ಗುಂಡಿನ, ಕಮ್ಮಿ ಒದೆಯುವ ಪಿಸ್ತೂಲಿನಲ್ಲಿ ಕಲಿಸಿ. ಗುಂಡಿಲ್ಲದೆ ಟ್ರಿಗರ್ ಅಭ್ಯಾಸ ಮಾಡಿಸಿ.

ಕಣ್ಣಿನ ವಿಷಯವೂ ಇದೆ. ಎರಡು ಪವರ್‌ನ ಕನ್ನಡಕದವರು ಪಿಸ್ತೂಲಿನ ತುದಿಯ ಗುರುತು ಕಾಣಲು ತಲೆ ಹಿಂದಕ್ಕೆ ಎತ್ತುತ್ತಾರೆ, ಆಗ ಎದುರಿನ ಗುರಿ ಮಸುಕಾಗುತ್ತದೆ. ಕೆಂಪು ಚುಕ್ಕೆಯ ಸೈಟ್ (ಗುರಿ ಹಿಡಿಯಲು ಚುಕ್ಕೆ ತೋರಿಸುವ ಪುಟ್ಟ ಗಾಜು) ಹಾಕಿಸಿದರೆ ಗುರಿಯನ್ನು ಮಾತ್ರ ನೋಡಿದರೆ ಸಾಕು.

ಬಂದೂಕನ್ನು ದಿಂಬಿನ ಕೆಳಗಿಟ್ಟು, ಒಮ್ಮೆಯೂ ಹಾರಿಸದೆ ಇರುವ ಹಿರಿಯರು ಕಲಿತವರಿಗಿಂತ ಅಪಾಯಕಾರಿ. ಕಲಿಸುವವನ ಮೊದಲ ಪಾಠವೂ ಗುರಿಯಲ್ಲ, ಬೆರಳನ್ನು ಟ್ರಿಗರ್‌ನಿಂದ ಹೊರಗಿಡುವುದು.

ವಿರೋಧ: ಕೈ ಕಲಿಯುತ್ತದೆ, ನಡುರಾತ್ರಿಯ ತಲೆ?

ಸ್ಲೈಡ್, ಸೈಟ್, ಟ್ರಿಗರ್ ಎಲ್ಲವನ್ನೂ ಒಪ್ಪುತ್ತೇನೆ. ಅವೆಲ್ಲ ಕೈ ಮತ್ತು ಕಣ್ಣಿನ ತೊಂದರೆಗಳು, ಪರಿಹಾರವೂ ಇದೆ. ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿನಲ್ಲಿ ಒಳ್ಳೆ ಬೆಳಕು, ಪಕ್ಕದಲ್ಲಿ ತರಬೇತುದಾರ, ಎದುರಿಗೆ ಅಲುಗಾಡದ ಕಾಗದ. ಮನೆಯಲ್ಲಿ ನಿದ್ದೆ ಮಾತ್ರೆ ನುಂಗಿ ಮಲಗಿದವರು ರಾತ್ರಿ ಎರಡಕ್ಕೆ ಸದ್ದು ಕೇಳಿ ಏಳುತ್ತಾರೆ. ಕನ್ನಡಕ ಎಲ್ಲೋ, ಶ್ರವಣಯಂತ್ರ ಎಲ್ಲೋ. ಹಜಾರದಲ್ಲಿ ನಿಂತವನು ಕಳ್ಳನೋ, ನೀರು ಕುಡಿಯಲು ಎದ್ದ ಮೊಮ್ಮಗನೋ? 'ಯಾರು?' ಅಂತ ಕೇಳಿದರೆ ಬಂದ ಉತ್ತರವೂ ಕೇಳಿಸದು.

ಬೀಗ ಹಾಕಿಟ್ಟರೆ ತುರ್ತಿಗೆ ಸಿಗುವುದಿಲ್ಲ, ತೆರೆದಿಟ್ಟರೆ ಎಲ್ಲರ ಕೈಗೂ ಸಿಗುತ್ತದೆ. ಬೆರಳಚ್ಚಿನ ಪೆಟ್ಟಿಗೆಗಳಿವೆ ಅನ್ನುತ್ತಾರೆ. ವಯಸ್ಸಾದಂತೆ ಬೆರಳಚ್ಚು ಸವೆದು ಯಂತ್ರಗಳು ಗುರುತು ಹಿಡಿಯದೇ ಹೋಗುವುದುಂಟು.

ಇನ್ನೊಂದು ಮಾತನ್ನು ಪರ ವಾದಿಸುವವರು ಎತ್ತುವುದೇ ಇಲ್ಲ. ಅಮೆರಿಕದಲ್ಲಿ 2021ರಲ್ಲಿ ಬಂದೂಕಿನಿಂದ 48,830 ಜನ ಸತ್ತರು. ಅವರಲ್ಲಿ 26,328 ಜನರದ್ದು ಆತ್ಮಹತ್ಯೆ. ಅಲ್ಲಿ ಆತ್ಮಹತ್ಯೆಯ ಪ್ರಮಾಣ ಅತಿ ಹೆಚ್ಚಿರುವುದು 75 ದಾಟಿದ ಗಂಡಸರಲ್ಲಿ. ಸಂಗಾತಿ ಹೋಗಿರುತ್ತಾರೆ, ನೋವು ಬಿಡುವುದಿಲ್ಲ, ಮಾತಾಡುವವರಿಲ್ಲ. ಅಂಥ ಮನೆಯಲ್ಲಿ ಅಪಾಯ ಬಾಗಿಲು ಒಡೆದೇ ಬರಬೇಕಿಲ್ಲ. 1993ರ ಹೆಸರಾಂತ ಅಧ್ಯಯನವೊಂದು ಬಂದೂಕಿರುವ ಮನೆಯಲ್ಲಿ ಕೊಲೆಯಾಗುವ ಸಾಧ್ಯತೆ ಸುಮಾರು 2.7 ಪಟ್ಟು ಎಂದಿತ್ತು. ಅದರ ವಿಧಾನದ ಬಗ್ಗೆ ಜಗಳ ನಡೆದೇ ಇದೆ, ಹಾಗಾಗಿ ಅದನ್ನು ಹಿಡಿದುಕೊಂಡು ವಾದಿಸುವುದಿಲ್ಲ. ಆತ್ಮಹತ್ಯೆಯ ಲೆಕ್ಕಕ್ಕೆ ಅಂಥ ತಕರಾರಿಲ್ಲ.

ಮರೆವಿನ ಕಾಯಿಲೆಯದ್ದು ಬೇರೆಯೇ ಕಥೆ. ಅಮೆರಿಕದ ಕೇಂದ್ರ ಕಾನೂನಿನಲ್ಲಿ, ವೈದ್ಯರು ಡಿಮೆನ್ಷಿಯಾ ಎಂದು ಬರೆದುಕೊಟ್ಟ ಮಾತ್ರಕ್ಕೆ ಬಂದೂಕಿನ ಹಕ್ಕು ಹೋಗುವುದಿಲ್ಲ. ವಯಸ್ಸಾದವರು ಡ್ರೈವಿಂಗ್ ಲೈಸೆನ್ಸ್ ನವೀಕರಿಸಲು ಹೋದರೆ ಅನೇಕ ರಾಜ್ಯಗಳಲ್ಲಿ ಕಣ್ಣಿನ ಪರೀಕ್ಷೆಯಾದರೂ ಇದೆ. ಮಂಚದ ಪಕ್ಕದ ಪಿಸ್ತೂಲಿಗೆ ಅದೂ ಇಲ್ಲ. ಹಾಗಾಗಿ ನಿಲ್ಲಿಸುವ ಹೊತ್ತು ಗೊತ್ತುಮಾಡುವ ಕೆಲಸ ಮಕ್ಕಳ ತಲೆಗೇ ಬರುತ್ತದೆ. ಅಷ್ಟರಲ್ಲಿ ಅಪ್ಪನಿಗೆ ಪಿಸ್ತೂಲು ಚೆನ್ನಾಗಿ ಅಭ್ಯಾಸವಾಗಿರುತ್ತದೆ, ಅನುಮಾನವೂ ಶುರುವಾಗಿರುತ್ತದೆ. ಯಾರು ಕೇಳುತ್ತಾರೆ, ಕೊಡಪ್ಪ ಅಂತ?

ತರಬೇತಿ ಕೊಡಲೇಬೇಕು ಅನ್ನುವವರು ಮೊದಲ ದಿನವೇ ಆ ಹಿರಿಯರ ಎದುರು ಕೂತು ಬರೆದುಕೊಳ್ಳಲಿ: ಯಾವ ಲಕ್ಷಣ ಕಂಡರೆ ಪಿಸ್ತೂಲು ಹಿಂದಕ್ಕೆ, ಯಾರ ಕೈಗೆ. ಆ ಮಾತಿಗೆ ಅವರು ಒಪ್ಪದಿದ್ದರೆ ಗಟ್ಟಿ ಬಾಗಿಲು, ತಾನಾಗಿ ಹೊತ್ತಿಕೊಳ್ಳುವ ದೀಪ, ಹಾಸಿಗೆಯ ಪಕ್ಕ ಫೋನ್. ಆ ಹಣ ಮತ್ತು ಹೊತ್ತನ್ನು ಇವುಗಳಿಗೆ ಹಾಕಲಿ.